ಯಜಮಾನನನ್ನೇ ಗುರುತಿಸದ ಫೋನು

ಕೋಕಂದ್ ಪಟ್ಟಣದ ಹಳೇ ಗಿರಣಿ ಮೊಹಲ್ಲಾದಲ್ಲಿ ಹೋಲ್ಮಿರ್ಜಾನ ತಂದೂರಿನ ರೊಟ್ಟಿಗೆ ಒಳ್ಳೆಯ ಹೆಸರಿತ್ತು. ಹೋಲ್ಮಿರ್ಜಾನಿಗೆ ಅಷ್ಟಾಗಿ ಇರಲಿಲ್ಲ. ಬೆಳಿಗ್ಗೆ ಎದ್ದವರು ‘ರೊಟ್ಟಿ ಆಯ್ತಾ?’ ಎಂದು ಕೇಳುತ್ತಿದ್ದರೇ ಹೊರತು ‘ಹೋಲ್ಮಿರ್ಜಾ ಚೆನ್ನಾಗಿದ್ದಾನಾ?’ ಎಂದು ಯಾರೂ ಕೇಳುತ್ತಿರಲಿಲ್ಲ. ಇದರ ಬಗ್ಗೆ ಅವನಿಗೆ ದೂರೇನೂ ಇರಲಿಲ್ಲ. ದೂರು ಶುರುವಾದದ್ದು ಪರದೆ ಅಂಗಡಿ ಗೈಬುಲ್ಲಾನ ಮನೆಯ ಪಲಾವ್ ಊಟದ ದಿನ.

ಮೊಹಲ್ಲಾದ ಗಂಡಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪಲಾವ್ ತಿಂದು, ಹರಟೆ ಹೊಡೆದು ಹೋಗುವುದು ಅಲ್ಲಿನ ವಾಡಿಕೆ. ಈಚೆಗೆ ಅದಕ್ಕೊಂದು ಹೊಸ ಅಂಗ ಸೇರಿತ್ತು. ಕೂತವರು ಮೊದಲು ತಮ್ಮ ತಮ್ಮ ಫೋನನ್ನು ಊಟದ ಹಾಸಿನ ಮೇಲೆ, ಮುಂದಿನವರಿಗೆ ಚೆನ್ನಾಗಿ ಕಾಣುವ ಹಾಗೆ ಇಡುತ್ತಿದ್ದರು. ಹೋಲ್ಮಿರ್ಜಾನೂ ಇಟ್ಟ. ಅವನದು ಗುಂಡಿ ಒತ್ತುವ ಹಳೇ ಫೋನು, ಬೆನ್ನು ಬಿಟ್ಟುಕೊಳ್ಳದಿರಲೆಂದು ರಬ್ಬರ್ ಬ್ಯಾಂಡ್ ಹಾಕಿದ್ದ.

ಟಿವಿಯಲ್ಲಿ ಯಾರೋ ಹಾಡುತ್ತಿದ್ದರು. ಗೈಬುಲ್ಲಾನ ಮುದಿ ಮಾವನಿಗೆ ಕುಸ್ತಿ ನೋಡಬೇಕಿತ್ತು. ಅವರು ಕೈಚಾಚಿ ಹೋಲ್ಮಿರ್ಜಾನ ಫೋನನ್ನೆತ್ತಿ ಟಿವಿಯ ಕಡೆ ಗುರಿ ಹಿಡಿದು ಒತ್ತಿದರು. ಮತ್ತೆ ಒತ್ತಿದರು. ಕುಸ್ತಿ ಬರಲಿಲ್ಲ. “ಸೆಲ್ ಹೋಗಿದೆ ಕಣಯ್ಯ ಇದಕ್ಕೆ” ಎಂದು ಮಂಡಿಗೆ ಎರಡು ಸಲ ಬಡಿದರು. ರಬ್ಬರ್ ಬ್ಯಾಂಡು ಪಲಾವಿನೊಳಗೆ ಹಾರಿತು.

“ಮಾವ, ಅದು ರಿಮೋಟ್ ಅಲ್ಲ, ನಮ್ಮ ಹೋಲ್ಮಿರ್ಜಾನ ಫೋನು” ಎಂದ ಗೈಬುಲ್ಲಾ. “ಆದ್ರೂ ಒತ್ತಿ ನೋಡಿ. ಹಳೇ ಕಾಲದ್ದು, ಯಾವ್ದಾದ್ರೂ ಹಳೇ ಕುಸ್ತಿ ಬಂದ್ರೂ ಬರಬಹುದು.”

ಎಲ್ಲರೂ ನಕ್ಕರು. ಹೋಲ್ಮಿರ್ಜಾನೂ ನಕ್ಕ. ನಗುತ್ತಲೇ ಪಲಾವಿನಿಂದ ರಬ್ಬರ್ ಬ್ಯಾಂಡನ್ನು ಹುಡುಕಿ ತೆಗೆದು, ಒರೆಸಿ, ಕಿಸೆಗೆ ಹಾಕಿಕೊಂಡ. ಆದರೆ ಮಾರನೆಯ ದಿನ ಮಧ್ಯಾಹ್ನ, ರೊಟ್ಟಿ ವ್ಯಾಪಾರ ಮುಗಿದ ಮೇಲೆ, ಮನೆಯ ಅಕ್ಕಿ ಡಬ್ಬಿಯ ತಳದಲ್ಲಿ ಕೂಡಿಟ್ಟಿದ್ದ ದುಡ್ಡನ್ನೆಲ್ಲ ಎತ್ತಿಕೊಂಡು ಪೇಟೆಗೆ ಹೋದ.

ಅಂಗಡಿಯ ಹುಡುಗಿ ಅವನ ಕೈಗೆ ಒಂದಾದ ಮೇಲೊಂದು ಫೋನು ಕೊಟ್ಟಳು. ಪ್ರತಿಯೊಂದಕ್ಕೂ ಅವನು ಕೇಳಿದ್ದು ಒಂದೇ ಪ್ರಶ್ನೆ: “ಇದಕ್ಕಿಂತ ದೊಡ್ಡದು ಇಲ್ವಾ?” ಕೊನೆಗೆ ಅವಳು ಗಾಜಿನ ಕಪಾಟಿನ ಬೀಗ ತೆಗೆದು ಕಪ್ಪು ಕನ್ನಡಿಯಂಥ ಒಂದನ್ನು ತಂದಿಟ್ಟಳು. ಅದರ ಬೆಲೆಗೆ ಕರುವಿನ ಸಮೇತ ಒಂದು ಒಳ್ಳೆಯ ಹಸು ಬರುತ್ತಿತ್ತು.

“ಇದಕ್ಕಿಂತ ಮೇಲಿನದು ಕೋಕಂದ್‌ನಲ್ಲೇ ಇಲ್ಲ” ಎಂದಳು.

“ಗೈಬುಲ್ಲಾನ ಹತ್ರ ಇರೋದು?”

“ಪರದೆ ಅಂಗಡಿಯವರದಾ? ಅದು ಇದರ ಎದುರು ಆಟದ ಸಾಮಾನು.”

ಫೋನನ್ನು ಮಾರಿದ್ದು ಆ ಒಂದು ಮಾತು. ಉಳಿದ ವಿವರಗಳಿಗೆಲ್ಲ ಹೋಲ್ಮಿರ್ಜಾ ಗಂಭೀರವಾಗಿ ತಲೆಯಾಡಿಸಿದ.

ಮನೆಯಲ್ಲಿ ಹೆಂಡತಿ ರಿಸಾಲತ್ ಫೋನನ್ನೂ ನೋಡಿದಳು, ಬರಿದಾದ ಡಬ್ಬಿಯನ್ನೂ ನೋಡಿದಳು.

“ಮೋಹಿದಿಲ್ ಅಪ್ಪ” ಎಂದು ಮಗಳ ಹೆಸರು ಹಿಡಿದು ಕರೆದಳು, “ಇದು ಏನ್ ಮಾಡುತ್ತೆ?”

“ಎಲ್ಲಾ ಮಾಡುತ್ತೆ.”

“ಹಿಟ್ಟು ನಾದುತ್ತಾ?”

ಅವನು ಫೋನನ್ನು ಅಂಗಿಯ ತುದಿಯಿಂದ ಒರೆಸಿದ. ಅವತ್ತು ರಾತ್ರಿ ಅವನ ಸೂಪಿನಲ್ಲಿ ಮಾಂಸವಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಒಬ್ಬೆ ರೊಟ್ಟಿಯನ್ನು ತಂದೂರಿನ ಗೋಡೆಗೆ ಬಡಿದಾದ ಮೇಲೆ ಹೋಲ್ಮಿರ್ಜಾ ಅಲ್ಲೇ ಬೆಂಕಿಯ ಪಕ್ಕ ಕೂತು ಫೋನನ್ನು ಚಾಲೂ ಮಾಡಿದ. ಶಾಖ ತಾಗದಿರಲೆಂದು ತಲೆಗೂ ಗಲ್ಲಕ್ಕೂ ಸೇರಿಸಿ ಟವೆಲ್ ಸುತ್ತಿದ್ದ. ಹುಬ್ಬು, ಮೀಸೆ, ಮೂಗು ಎಲ್ಲ ಹಿಟ್ಟಾಗಿ ಬೆಳ್ಳಗಾಗಿದ್ದವು. ಮುಖ ತೋರಿಸು ಎಂದಿತು ಫೋನು. ತೋರಿಸಿದ. ಆ ಕಡೆ ತಿರುಗು, ಈ ಕಡೆ ತಿರುಗು ಎಂದಿತು. ಮದುವಣಿಗನಂತೆ ತಿರುಗಿದ. ಆಮೇಲೆ ಯಾರೂ ಊಹಿಸಲಾರದ ಒಂದು ಗುಟ್ಟಿನ ಸಂಖ್ಯೆ ಕೊಡು ಎಂದಿತು. ಹೋಲ್ಮಿರ್ಜಾ ಬಹಳ ಯೋಚಿಸಿ ಒಂದು ಸಂಖ್ಯೆ ಕೊಟ್ಟ. ಅದು ಎಂಥ ಒಳ್ಳೆಯ ಸಂಖ್ಯೆಯಾಗಿತ್ತೆಂದರೆ, ಎರಡನೆಯ ಒಬ್ಬೆ ರೊಟ್ಟಿ ತೆಗೆಯುವಷ್ಟರಲ್ಲಿ ಅವನೂ ಅದನ್ನು ಊಹಿಸಲಾರದೆ ಹೋದ.

ತೊಂದರೆ ಗೊತ್ತಾದದ್ದು ಸಂಜೆ. ಅವನು ಮುಖ ತೊಳೆದು, ಗಡ್ಡ ಹೆರೆದು, ಹೊಸ ಅಂಗಿ ಹಾಕಿ, ಟೀ ಅಂಗಡಿಯಲ್ಲಿ ಗೈಬುಲ್ಲಾನ ಎದುರಿಗೇ ಕೂತು ಫೋನನ್ನು ತೆಗೆದ. ಫೋನು ಅವನನ್ನು ನೋಡಿತು. ಸಣ್ಣಗೆ ನಡುಗಿತು. ನೀನು ಯಾರೋ ನನಗೆ ಗೊತ್ತಿಲ್ಲ ಎಂಬರ್ಥದ ಒಂದು ಸಾಲು ಬರೆಯಿತು. ಹೋಲ್ಮಿರ್ಜಾ ಟೋಪಿ ತೆಗೆದ, ಟೋಪಿ ಹಾಕಿದ, ನಕ್ಕ, ಸಿಟ್ಟು ಮಾಡಿಕೊಂಡ. ಯಾವ ಹೋಲ್ಮಿರ್ಜಾನನ್ನೂ ಫೋನು ಒಪ್ಪಲಿಲ್ಲ.

“ಏನ್ ಮಾಡ್ತಿದೀಯಪ್ಪ?” ಎಂದು ಕೇಳಿದ ಗೈಬುಲ್ಲಾ.

“ನೋಡ್ತಿದೀನಿ.”

“ಏನ್ ಕಾಣುತ್ತೆ ಅದ್ರಲ್ಲಿ?”

“ಎಲ್ಲಾ ಕಾಣುತ್ತೆ” ಎಂದ ಹೋಲ್ಮಿರ್ಜಾ. ಹಸುವಿನ ಬೆಲೆ ಕೊಟ್ಟವನು ಇನ್ನೇನು ಹೇಳಲು ಸಾಧ್ಯ?

ಮರುದಿನ ಬೆಳಿಗ್ಗೆ ತಂದೂರಿನ ಮುಂದೆ ಅದೇ ಫೋನು ಮುಖ ಕಂಡ ಕೂಡಲೇ ತೆರೆದುಕೊಂಡಿತು. ಆಗ ಹೋಲ್ಮಿರ್ಜಾನಿಗೆ ವಿಷಯ ಅರ್ಥವಾಯಿತು. ಈ ಫೋನಿನ ಪ್ರಕಾರ ಅದರ ಯಜಮಾನ ಟವೆಲ್ ಸುತ್ತಿಕೊಂಡ ಬಿಳಿ ಮುಖದ ಒಬ್ಬ ಮನುಷ್ಯ. ತೊಳೆದ ಮುಖದವನು ಯಾರೋ ಕಳ್ಳ.

ಅಂಗಡಿಗೆ ಹೋಗಿ ಸರಿಮಾಡಿಸಬಹುದಿತ್ತು. ಆದರೆ ಅಂಗಡಿ ಇದ್ದದ್ದು ಗೈಬುಲ್ಲಾನ ಪರದೆ ಅಂಗಡಿಯ ಎದುರಿಗೇ. ‘ಹೋಲ್ಮಿರ್ಜಾನ ಫೋನಿಗೆ ಹೋಲ್ಮಿರ್ಜಾನೇ ಗೊತ್ತಿಲ್ಲವಂತೆ’ ಎಂಬ ಮಾತು ಅವನು ಮನೆ ತಲುಪುವ ಮೊದಲೇ ಮೊಹಲ್ಲಾ ತಲುಪುತ್ತಿತ್ತು. ಅದಕ್ಕಿಂತ ಕಿಸೆಯಲ್ಲೊಂದು ಚಿಟಿಕೆ ಹಿಟ್ಟು ಇಟ್ಟುಕೊಳ್ಳುವುದು ಸುಲಭ ಎಂದು ಅವನಿಗೆ ಕಂಡಿತು. ಚಿಟಿಕೆ ಸಾಲದಾಗಿ ಪೊಟ್ಟಣವಾಯಿತು. ಒಂದು ಸಲ ಅಂಗಿಯನ್ನು ಒಗೆಯಲು ಹಾಕಿದ ರಿಸಾಲತ್ ಕಿಸೆಯಿಂದ ಹದವಾದ ಕಣಕದ ಉಂಡೆ ತೆಗೆದಳು. ಗಂಡನ ಕಡೆ ನೋಡಿದಳು.

“ವ್ಯಾಪಾರದ ಗುಟ್ಟು” ಎಂದ ಅವನು.

ಗುಟ್ಟು ಹೆಚ್ಚು ದಿನ ಗುಟ್ಟಾಗಿ ಉಳಿಯಲಿಲ್ಲ. ಬೇರೆಯೇ ಏನೋ ಆಯಿತು.

ಪಕ್ಕದ ಮನೆಯ ಓಗಿಲಾಯ್‌ಳ ಟಗರು ಕಳೆದುಹೋಗಿತ್ತು. ಅವಳು ಟಗರನ್ನು ಹುಡುಕುತ್ತ ಹೋಲ್ಮಿರ್ಜಾನ ಹಿತ್ತಲ ಗೋಡೆಯಿಂದ ಇಣುಕಿದಾಗ, ಹಿಪ್ಪುನೇರಳೆ ಮರದ ಮರೆಯಲ್ಲಿ ಹೋಲ್ಮಿರ್ಜಾ ನಿಂತಿದ್ದ. ಅವಳು ನೋಡುತ್ತಿದ್ದಂತೆ ಅವನು ಆಚೆ ಈಚೆ ನೋಡಿ ಕಿಸೆಯಿಂದ ಏನೋ ಬಿಳಿಯ ಪುಡಿ ತೆಗೆದು ಹುಬ್ಬಿಗೆ, ಮೂಗಿಗೆ, ಮೀಸೆಗೆ ಬಳಿದುಕೊಂಡ. ತಲೆಗೆ ಬಟ್ಟೆ ಸುತ್ತಿದ. ಕಪ್ಪು ಕನ್ನಡಿಯೊಂದನ್ನು ಮುಖದ ಮುಂದೆ ಹಿಡಿದು “ನಾನೇ ಕಣೋ, ಸರಿಯಾಗಿ ನೋಡು” ಎಂದು ಗೊಣಗಿದ. ಆಮೇಲೆ ಸ್ಪಷ್ಟ ದನಿಯಲ್ಲಿ ಹೇಳಿದ: “ಕಾಲುವೆ ಪಕ್ಕ, ಗಿರಣಿ ಹಿಂದೆ. ಅಲ್ಲೇ ಇದೆ. ಹೋಗಿ ತಗೊಂಡು ಬಾ.”

ಅವನು ಹೇಳಿದ್ದು ಗಾಡಿಯವನಿಗೆ, ತಂದೂರಿಗೆ ಉರಿಸಲು ಕಟ್ಟಿಟ್ಟ ಹತ್ತಿಗಿಡದ ಕಡ್ಡಿಯ ಹೊರೆಯ ವಿಷಯ. ಓಗಿಲಾಯ್ ಮಾತ್ರ ಇದ್ದ ಕಾಲಲ್ಲೇ ಗಿರಣಿಯ ಹಿಂದಕ್ಕೆ ಓಡಿದಳು. ಹತ್ತಿಕಡ್ಡಿಗಳಲ್ಲಿ ಒಣಗಿ ಉಳಿದಿದ್ದ ಎಲೆಗಳನ್ನು ಮೇಯುತ್ತ ಅವಳ ಟಗರು ಅಲ್ಲೇ ನಿಂತಿತ್ತು.

ಸಂಜೆಯೊಳಗೆ ಸುದ್ದಿ ಹರಡಿತು.

“ನಾನು ಬಾಯೇ ಬಿಟ್ಟಿರಲಿಲ್ಲ ಕಣ್ರೇ” ಎಂದು ಓಗಿಲಾಯ್ ಮನೆಮನೆಗೆ ಹೇಳಿದಳು. “ಟಗರು ಅಂತಾನೂ ಅಂದಿರಲಿಲ್ಲ. ಕನ್ನಡಿ ನೋಡಿ ಹೇಳಿಬಿಟ್ಟ.”

“ಅದು ಕನ್ನಡಿ ಅಲ್ಲ, ಫೋನು” ಎಂದರು ಯಾರೋ.

“ಫೋನಾ? ನಮ್ಮೆಲ್ಲರ ಹತ್ರಾನೂ ಫೋನಿದೆ. ಯಾವುದಾದ್ರೂ ಟಗರು ತೋರ್ಸಿದೆಯಾ?”

ಟೀ ಅಂಗಡಿಯಲ್ಲಿ ಹಿರಿಯರು ಇದನ್ನು ಕೂಲಂಕಷವಾಗಿ ಚರ್ಚಿಸಿದರು. ಹೋಲ್ಮಿರ್ಜಾ ದಡ್ಡನಲ್ಲ. ದಡ್ಡನಲ್ಲದವನು ಹಸುವಿನ ಬೆಲೆ ಕೊಟ್ಟು ಫೋನು ತಗೊಂಡಿದ್ದಾನೆ. ಬರೀ ಮಾತಾಡುವುದಕ್ಕೆ ಅಷ್ಟು ದುಡ್ಡು ಯಾರು ಕೊಡುತ್ತಾರೆ? ಅಂದಮೇಲೆ ಅದು ಮಾತಾಡುವುದಕ್ಕಿಂತ ದೊಡ್ಡದೇನನ್ನೋ ಮಾಡುತ್ತಿರಲೇಬೇಕು. ‘ಎಲ್ಲಾ ಕಾಣುತ್ತೆ’ ಎಂದು ಅವನೇ ಬಾಯಿಬಿಟ್ಟು ಹೇಳಿದ್ದನ್ನು ಗೈಬುಲ್ಲಾ ನೆನಪಿಸಿದ. ಎಲ್ಲರೂ ಇನ್ನೊಂದು ಸುತ್ತು ಟೀ ತರಿಸಿದರು.

ಮೂರನೆಯ ದಿನ ಗೈಬುಲ್ಲಾನೇ ಬೇಕರಿಗೆ ಬಂದ. ಅವನು ಯಾವತ್ತೂ ಬಂದವನಲ್ಲ, ರೊಟ್ಟಿಗೆ ಆಳನ್ನು ಕಳಿಸುತ್ತಿದ್ದ.

“ಹೋಲ್ಮಿರ್ಜಾ ಅಣ್ಣ” ಎಂದು ಶುರುಮಾಡಿದ. ಅಣ್ಣ ಎಂದದ್ದೂ ಅದೇ ಮೊದಲು. “ಒಂದು ಕಾರು ನೋಡಿದೀನಿ. ಹಳೇದು, ಆದ್ರೆ ಬಣ್ಣ ಚೆನ್ನಾಗಿದೆ. ತಗೋಬಹುದಾ?”

ಹೋಲ್ಮಿರ್ಜಾ ಮೊಣಕೈವರೆಗೆ ಹಿಟ್ಟಿನಲ್ಲಿದ್ದ. ಕಿವಿ ಗೈಬುಲ್ಲಾನ ಕಡೆ ಇರಲಿಲ್ಲ, ಕಣಕದ ಕಡೆ ಇತ್ತು. ಬೆರಳಿನಿಂದ ಕಣಕವನ್ನು ಒತ್ತಿ ನೋಡಿ ತನ್ನಷ್ಟಕ್ಕೇ ಹೇಳಿದ: “ಇನ್ನೂ ಒಳಗಿಂದ ಆಗಿಲ್ಲ. ಹೊರಗೆ ಚೆನ್ನಾಗಿ ಕಾಣುತ್ತೆ. ಈಗ ಕೈ ಹಾಕಿದ್ರೆ ಕುಸಿದುಹೋಗುತ್ತೆ.”

ಗೈಬುಲ್ಲಾ ಎರಡು ಕೈಯಲ್ಲೂ ಅವನ ಹಿಟ್ಟಿನ ಕೈ ಹಿಡಿದು ಕುಲುಕಿ ಹೋದ. ಕಾರನ್ನು ತಂಬಾಕಿನ ವ್ಯಾಪಾರಿ ಕೊಂಡ. ವಾರ ಕಳೆಯುವಷ್ಟರಲ್ಲಿ ಅದು ಪೇಟೆಯ ನಡುವೆ ಎಂಜಿನ್ ಕಳಚಿ ಕೂತಿತು, ಬಣ್ಣ ಮಾತ್ರ ಇನ್ನೂ ಚೆನ್ನಾಗಿತ್ತು.

ಅಲ್ಲಿಂದಾಚೆಗೆ ರೊಟ್ಟಿ ಕೊಳ್ಳುವವರ ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು. ಜನ ರೊಟ್ಟಿ ತಗೊಂಡು ಹೋಗದೆ ನಿಲ್ಲುತ್ತಿದ್ದರು. ಹೋಲ್ಮಿರ್ಜಾ ಮೊದಮೊದಲು “ನನಗೇನೂ ಗೊತ್ತಿಲ್ಲ” ಎಂದ. ಗೊತ್ತಿಲ್ಲ ಎನ್ನುವವನಿಗೇ ಎಲ್ಲ ಗೊತ್ತಿರುತ್ತದೆ ಎಂದು ಜನ ಪರಸ್ಪರ ತಲೆದೂಗಿದರು. ನಿಜ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಎದುರಿಗೆ ಗೈಬುಲ್ಲಾನ ಮುಖವೇ ಬಂದು ಬಾಯಿ ಮುಚ್ಚಿದ. ಜೊತೆಗೆ, ಸುಳ್ಳು ಯಾಕೆ ಹೇಳಬೇಕು, ‘ಹೋಲ್ಮಿರ್ಜಾ ಅಣ್ಣ ಚೆನ್ನಾಗಿದ್ದಾರಾ?’ ಎಂದು ಜನ ಕೇಳುವುದು ಕಿವಿಗೆ ಹಿತವಾಗಿಯೇ ಇತ್ತು.

ಸುದ್ದಿ ಮೊಹಲ್ಲಾದ ಅಧ್ಯಕ್ಷ ಕೋಬುಲ್ ಸಾಹೇಬರಿಗೆ ಮುಟ್ಟಿತು. ಅವರು ಕೈಚೀಲ, ಕಾರ್ಯದರ್ಶಿ, ಗಂಟುಮುಖ ಮೂರನ್ನೂ ತೆಗೆದುಕೊಂಡು ಬಂದರು.

“ಹೋಲ್ಮಿರ್ಜಾ, ನಿಮ್ಮ ಹತ್ರ ರೊಟ್ಟಿ ಸುಡೋಕೆ ಪರವಾನಗಿ ಇದೆ. ಕಣಿ ಹೇಳೋಕೆ ಇದೆಯಾ?”

“ನಾನು ಕಣಿ ಹೇಳಲ್ಲ, ಸಾಹೇಬ್ರೇ.”

“ಮೊಹಲ್ಲಾದಲ್ಲಿ ಇಂಥಾದ್ದಕ್ಕೆಲ್ಲ ಅವಕಾಶ ಇಲ್ಲ. ಇದು ಗಂಭೀರವಾದ ವಿಷಯ.” ಕೋಬುಲ್ ಸಾಹೇಬರು ಕಾರ್ಯದರ್ಶಿಯ ಕಡೆ ತಿರುಗಿದರು. “ನೀನು ಹೊರಗೆ ಹೋಗಿ ಗೋಡೆ ಎಲ್ಲಾ ಸರಿಯಾಗಿದೆಯಾ ನೋಡ್ಕೊಂಡು ಬಾ.” ಅವನು ಹೋದದ್ದನ್ನು ಖಚಿತಪಡಿಸಿಕೊಂಡು ದನಿ ಇಳಿಸಿದರು. “ಬರೋ ಚುನಾವಣೇಲಿ ನಾನೇ ಮತ್ತೆ ಅಧ್ಯಕ್ಷ ಆಗ್ತೀನಾ ಅಂತ ಸ್ವಲ್ಪ ನೋಡಿ.”

“ಸಾಹೇಬ್ರೇ, ನಿಜವಾಗ್ಲೂ...”

“ಬೇಗ ನೋಡಿ, ಅವನು ಬಂದುಬಿಡ್ತಾನೆ.”

ಹೋಲ್ಮಿರ್ಜಾ ಹಿಟ್ಟಿನ ಮುಖದಲ್ಲೇ ಇದ್ದ. ಏನು ಮಾಡುವುದೆಂದು ತೋಚದೆ ಫೋನನ್ನೆತ್ತಿ ನೋಡಿದ. ಅದು ಕೆಂಪಗೆ ಒಂದು ಸಾಲು ತೋರಿಸುತ್ತಿತ್ತು. ಹೋಲ್ಮಿರ್ಜಾನಿಗೆ ಅಕ್ಷರ ಕಂಡರೆ ಜೋರಾಗಿ ಓದುವ ಅಭ್ಯಾಸ. “ಶಕ್ತಿ ಬಹಳ ಕುಂದಿದೆ” ಎಂದು ಓದಿದ. “ಕೂಡಲೇ ಆಸರೆಗೆ ಜೋಡಿಸದಿದ್ದರೆ ಸ್ಥಗಿತವಾಗುತ್ತದೆ.”

ಕೋಬುಲ್ ಸಾಹೇಬರ ಮುಖದ ಬಣ್ಣವೇ ಹೋಯಿತು. ಕೈಚೀಲ ಎತ್ತಿಕೊಂಡು ಹೊರಟರು. ಅಂದು ಮಧ್ಯಾಹ್ನ ಔಷಧದಂಗಡಿಯಲ್ಲಿ ಇದ್ದಬದ್ದ ಶಕ್ತಿಮಾತ್ರೆಯನ್ನೆಲ್ಲ ಕೊಂಡರು. ಸಂಜೆ, ಎರಡು ವರ್ಷದಿಂದ ಮಾತು ಬಿಟ್ಟಿದ್ದ ಹಿರಿಯ ಭಾವನ ಮನೆಗೆ ಕಲ್ಲಂಗಡಿ ಹೊತ್ತುಕೊಂಡು ಹೋಗಿ ರಾಜಿಯಾದರು. ಆ ಭಾವನ ಕೈಯಲ್ಲಿ ಮೊಹಲ್ಲಾದ ಅರ್ಧ ಓಟುಗಳಿದ್ದವು.

ಇಷ್ಟರವರೆಗೆ ಎಲ್ಲ ನಗುವ ವಿಷಯವೇ. ಆದರೆ ಹೋಲ್ಮಿರ್ಜಾನಿಗೆ ಮೋಹಿದಿಲ್ ಎಂಬ ಮಗಳಿದ್ದಳು. ಊರಿನ ಆ ತುದಿಯ ದಂತವೈದ್ಯರ ಬಳಿ ನರ್ಸಾಗಿ ಕೆಲಸ ಮಾಡುತ್ತಿದ್ದಳು. ಅಲ್ಲೇ ಕಟ್ಟುಹಲ್ಲು ತಯಾರಿಸುವ ಜವ್ಲಾನ್ ಎಂಬ ಹುಡುಗ ಅವಳನ್ನು ಮೆಚ್ಚಿದ್ದ. ಅವಳೂ ಅವನನ್ನು ಮೆಚ್ಚಿದ್ದಳು. ಹುಡುಗನ ತಾಯಿ ಹುರ್ಸನಾಯ್ ಟೀಚರಮ್ಮ ಹೆಣ್ಣು ನೋಡಲು ಬರುವ ಮಾತು ಆಗಲೇ ನಡೆದಿತ್ತು. ಈಗ ಅವರಿಂದ ಹೇಳಿಕೆ ಬಂತು: ‘ನಾವು ಬರುತ್ತಿಲ್ಲ. ಕಣಿ ಹೇಳುವವರ ಮನೆಯ ಸಂಬಂಧ ನಮಗೆ ಆಗಿಬರುವುದಿಲ್ಲ.’

ಮೋಹಿದಿಲ್ ಅಳಲಿಲ್ಲ. ಅವತ್ತು ರೊಟ್ಟಿಗೆ ಕರಿಜೀರಿಗೆ ಉದುರಿಸುತ್ತ ಕೂತಳು. ಒಂದೇ ರೊಟ್ಟಿಯ ಮೇಲೆ ಉದುರಿಸುತ್ತಲೇ ಇದ್ದಳು, ಅದು ಪೂರ್ತಿ ಕಪ್ಪಾಯಿತು.

“ಅಪ್ಪ” ಎಂದಳು, “ಆ ಹಿಟ್ಟು ಯಾಕೆ ಬಳ್ಕೋತೀರ, ಒಂದ್ಸಲ ಹೇಳಿ.”

“ಅದು... ದೊಡ್ಡ ವಿಷಯ ಅಲ್ಲಮ್ಮ.”

“ದೊಡ್ಡದಲ್ಲದಿದ್ರೆ ಹೇಳಿ.”

ಹೋಲ್ಮಿರ್ಜಾ ತಂದೂರಿನೊಳಗೆ ಬಗ್ಗಿ ನೋಡಿದ. ಅಲ್ಲಿ ರೊಟ್ಟಿ ಇರಲಿಲ್ಲ. ಮಗಳು ಎದ್ದುಹೋಗುವವರೆಗೂ ಅವನು ಬಗ್ಗಿಯೇ ಇದ್ದ. ಆ ದಿನ ಸುಟ್ಟ ರೊಟ್ಟಿಯಲ್ಲಿ ಅರ್ಧ ಸೀದುಹೋಯಿತು. ರಿಸಾಲತ್ ಸೀದದ್ದನ್ನೆಲ್ಲ ಒಂದು ಬುಟ್ಟಿಯಲ್ಲಿ ತುಂಬಿ ಅವನ ಹಾಸಿಗೆಯ ಪಕ್ಕ ಇಟ್ಟಳು.

ಅತ್ತ ಜವ್ಲಾನ್ ಮನೆಯಲ್ಲಿ ಊಟ ಬಿಟ್ಟಿದ್ದ. ಹುರ್ಸನಾಯ್ ಟೀಚರಮ್ಮ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಕಣ್ಣಾರೆ ಕಾಣದ್ದನ್ನು ನಂಬಬಾರದು ಎಂದು ಜೀವಮಾನವೆಲ್ಲ ಮಕ್ಕಳಿಗೆ ಹೇಳಿದವರು. ಮಗ ಆ ಮಾತನ್ನೇ ಅವರಿಗೆ ತಿರುಗಿಸಿ ಹೇಳಿದ. ಹೀಗಾಗಿ ಮೊದಲೇ ಹೇಳಿಕಳಿಸಿ, ಒಂದು ಭಾನುವಾರ ಅವರು ಗಂಡ ಅಶೂರಲಿಯನ್ನು ಕರೆದುಕೊಂಡು, ಸಂಬಂಧ ಬೇಡ ಎಂದದ್ದು ಸರಿಯೇ ಎಂದು ಕಣ್ಣಾರೆ ಕಾಣುವುದಕ್ಕೆಂದು, ಹೋಲ್ಮಿರ್ಜಾನ ಮನೆಗೆ ಬಂದೇಬಿಟ್ಟರು.

ಮನೆಯ ಪರವಾಗಿ ಹಿರಿಯರು ಇರಬೇಕೆಂದು ಕೋಬುಲ್ ಸಾಹೇಬರನ್ನು ಕರೆದಿದ್ದರು. ಗೈಬುಲ್ಲಾನನ್ನು ಕರೆದಿರಲಿಲ್ಲ, ಬಂದಿದ್ದ. ಓಗಿಲಾಯ್ ಪಾತ್ರೆ ತೊಳೆಯಲು ಬಂದವಳು ಪಾತ್ರೆಯ ಕಡೆ ಹೋಗದೆ ಬಾಗಿಲಲ್ಲೇ ನಿಂತಿದ್ದಳು. ಗೋಡೆಯ ಮೇಲೆ ಅಕ್ಕಪಕ್ಕದವರ ತಲೆಗಳು ಸಾಲಾಗಿ ಕಾಣುತ್ತಿದ್ದವು.

ಅಶೂರಲಿ ಒಳ್ಳೆಯ ಸೂಟು ಹಾಕಿದ, ತುಟಿ ಬಿಗಿದುಕೊಂಡ ಮನುಷ್ಯ. ಮಾತೆಲ್ಲ ಟೀಚರಮ್ಮನದು. ಅವರು ಒಣದ್ರಾಕ್ಷಿ ಮುಟ್ಟಲಿಲ್ಲ, ಟೀ ಮುಟ್ಟಲಿಲ್ಲ, ನೇರ ವಿಷಯಕ್ಕೆ ಬಂದರು.

“ನೋಡಿ, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ನೀವು ಮುಖಕ್ಕೆ ಬಿಳಿ ಬಳ್ಕೊಂಡು, ಕನ್ನಡಿ ನೋಡಿ, ಕಳೆದುಹೋದ ಟಗರು ಹುಡುಕಿಕೊಡ್ತೀರಂತೆ. ಹೌದೋ ಅಲ್ವೋ?”

“ಹುಡುಕಿಕೊಟ್ರು” ಎಂದಳು ಓಗಿಲಾಯ್ ಬಾಗಿಲಿನಿಂದ.

“ನಾನು ಅವರನ್ನ ಕೇಳಿದೆ.”

ಹೋಲ್ಮಿರ್ಜಾ ಸುತ್ತ ನೋಡಿದ. ಒಂದು ಕಡೆ ಗೈಬುಲ್ಲಾ ಕತ್ತು ಮುಂದೆ ಚಾಚಿ ಕೂತಿದ್ದ. ಇನ್ನೊಂದು ಕಡೆ ಮೋಹಿದಿಲ್ ಟೀ ಪಾತ್ರೆ ಹಿಡಿದು ನಿಂತಿದ್ದಳು. ಅವಳು ಪಾತ್ರೆಯ ಮುಚ್ಚಳವನ್ನು ಬೆರಳಿನಿಂದ ಟಕಟಕ ಎನಿಸುತ್ತಿದ್ದಳು.

ಹೋಲ್ಮಿರ್ಜಾ ಕಿಸೆಯಿಂದ ಫೋನು ತೆಗೆದು ಎಲ್ಲರಿಗೂ ಕಾಣುವಂತೆ ಊಟದ ಹಾಸಿನ ಮೇಲಿಟ್ಟ.

“ಇದು ಕಣಿ ಹೇಳಲ್ಲ, ಟೀಚರಮ್ಮ” ಎಂದ. “ಇದಕ್ಕೆ ನಾನು ಯಾರು ಅಂತಾನೇ ಗೊತ್ತಿಲ್ಲ.”

ಯಾರಿಗೂ ಅರ್ಥವಾಗಲಿಲ್ಲ. ಹೋಲ್ಮಿರ್ಜಾ ತೊಳೆದ ಮುಖವನ್ನು ಫೋನಿಗೆ ತೋರಿಸಿದ. ಅದು ನಡುಗಿ, ಗೊತ್ತಿಲ್ಲ ಎಂದಿತು. ಅದನ್ನು ಟೀಚರಮ್ಮನ ಕಡೆ ಹಿಡಿದು ಓದಿಸಿದ. ಆಮೇಲೆ ಪೊಟ್ಟಣ ಬಿಚ್ಚಿ, ಅಷ್ಟು ಜನರ ಮುಂದೆ, ಹುಬ್ಬಿಗೆ ಬಳಿದುಕೊಂಡ. ಮೂಗಿಗೆ ಬಳಿದುಕೊಂಡ. ಮೀಸೆಗೆ ಬಳಿದುಕೊಂಡ. ಹೆಗಲ ಮೇಲಿನ ಟವೆಲ್ಲನ್ನು ತಲೆಗೂ ಗಲ್ಲಕ್ಕೂ ಸುತ್ತಿ ಫೋನನ್ನೆತ್ತಿದ. ಫೋನು ಸಂತೋಷದಿಂದ ತೆರೆದುಕೊಂಡಿತು.

“ಬೇಕರೀಲಿ ಕೂತು ಮುಖ ಗುರುತು ಮಾಡಿಸಿದ್ದೆ” ಎಂದ. “ಗುಟ್ಟಿನ ಸಂಖ್ಯೆ ಮರೆತೆ. ಹೇಳೋಕೆ ನಾಚಿಕೆ ಆಯ್ತು. ಅಷ್ಟೇ.”

“ಟಗರು?” ಎಂದಳು ಓಗಿಲಾಯ್.

“ಅದು ಹತ್ತಿಕಡ್ಡಿ ಹೊರೆ ವಿಷಯ.”

“ನನ್ನ ಕಾರು?” ಎಂದ ಗೈಬುಲ್ಲಾ.

“ಅದು ಕಣಕದ ವಿಷಯ.”

ಕೋಬುಲ್ ಸಾಹೇಬರು ಕೆಮ್ಮಿದರು. “ಅಂದ್ರೆ ಆ... ಶಕ್ತಿ ಕುಂದಿದ್ದು?”

“ಬ್ಯಾಟರಿದು, ಸಾಹೇಬ್ರೇ.”

ಕೋಬುಲ್ ಸಾಹೇಬರು ಬಾಯಲ್ಲಿ ಚೀಪುತ್ತಿದ್ದ ಮಾತ್ರೆಯನ್ನು ಮೆಲ್ಲಗೆ ಕರವಸ್ತ್ರಕ್ಕೆ ಉಗುಳಿಕೊಂಡರು.

ಮೊದಲು ನಕ್ಕದ್ದು ಗೈಬುಲ್ಲಾ. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಗೋಡೆಯ ಮೇಲಿನ ತಲೆಗಳೂ ಒಂದೊಂದಾಗಿ ಅಲುಗಾಡತೊಡಗಿದವು. “ಹಸು ಕೊಟ್ಟು ತಂದಿದ್ದಕ್ಕೆ ಯಜಮಾನನ ಗುರುತೇ ಇಲ್ಲ” ಎಂದು ಗೈಬುಲ್ಲಾ ಉಸಿರು ಸಿಕ್ಕಾಗ ಹೇಳಿದ. “ಹಸುವಾದ್ರೂ ಗುರುತು ಹಿಡೀತಿತ್ತಲ್ಲೋ.”

ಹೋಲ್ಮಿರ್ಜಾ ತಲೆ ತಗ್ಗಿಸಿ ಕೂತ. ಹಿಟ್ಟು ಅವನ ಮೀಸೆಯಿಂದ ಹಾಸಿನ ಮೇಲೆ ಉದುರಿತು. ರಿಸಾಲತ್ ಅಡುಗೆಮನೆಯಿಂದ ಬಂದು ಗಂಡನ ಪಕ್ಕ ನಿಂತಳು. ಸೀದ ರೊಟ್ಟಿಯ ಬುಟ್ಟಿ ತಂದಿಟ್ಟಿದ್ದವಳೇ ಈಗ ಗೈಬುಲ್ಲಾನ ಕಡೆ ಒಂದು ನೋಟ ಬೀರಿದಳು. ಗೈಬುಲ್ಲಾ ನಗುವನ್ನು ಅರ್ಧಕ್ಕೇ ನುಂಗಿದ.

ಆಗ ಅಶೂರಲಿ ಹೆಂಡತಿಯ ಕಡೆ ವಾಲಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದರು: “ಹೇಳಿಬಿಡ್ಲಾ?”

“ಬೇಡ” ಎಂದರು ಟೀಚರಮ್ಮ.

“ಪಾಪ ಕಣೇ.”

“ಬೇಡ ಅಂದ್ನಲ್ಲ.”

ಅಶೂರಲಿ ಹೋಲ್ಮಿರ್ಜಾನ ಹಿಟ್ಟಿನ ಮುಖವನ್ನು ಇನ್ನೊಮ್ಮೆ ನೋಡಿದರು. ಸೂಟಿನ ಒಳಕಿಸೆಯಿಂದ ಒಂದು ಫೋನು ತೆಗೆದರು. ಅದೂ ಕಪ್ಪು, ಅದೂ ಕನ್ನಡಿಯಂಥದು, ಅಂಚಿನ ಬಣ್ಣವೂ ಅದೇ. ಅದನ್ನು ಮುಖದ ಮುಂದೆ ಹಿಡಿದರು. ಫೋನು ನಡುಗಿತು, ಗೊತ್ತಿಲ್ಲ ಎಂದಿತು. ಆಮೇಲೆ ಅವರು ಗೋಡೆಯ ಕಡೆ ತಿರುಗಿ, ತಲೆ ಬಗ್ಗಿಸಿ, ಬಾಯಿಗೆ ಕೈ ಹಾಕಿ ಮಗ ಮಾಡಿಕೊಟ್ಟ ಎರಡೂ ಸಾಲು ಹಲ್ಲನ್ನು ತೆಗೆದು ಕರವಸ್ತ್ರದಲ್ಲಿಟ್ಟರು. ಈ ಕಡೆ ತಿರುಗಿದಾಗ ಅವರ ಕೆನ್ನೆ ಒಳಗೆ ಹೋಗಿತ್ತು, ಗಲ್ಲ ಮೂಗಿನ ಹತ್ತಿರ ಬಂದಿತ್ತು. ಫೋನು ಕಂಡ ಕೂಡಲೇ ತೆರೆದುಕೊಂಡಿತು.

“ಅಲ್ಲು ಕಟ್ಟಿಸೋಕೆ ಮುಂಚೆ ತಗೊಂಡಿದ್ದು” ಎಂದರು ಅಶೂರಲಿ. “ನಂದೂ ಅಂಗೇ, ಬೀಗ್ರೇ.”

ಬೀಗರೇ ಎಂಬ ಮಾತು ಹಲ್ಲಿಲ್ಲದ ಬಾಯಿಂದಲೇ ಬಂದಿದ್ದರೂ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಗೋಡೆಯ ಮೇಲಿನವರಿಗೂ ಕೇಳಿಸಿತು. ಮೋಹಿದಿಲ್ ಕೈಯಲ್ಲಿನ ಮುಚ್ಚಳದ ಸದ್ದು ನಿಂತಿತು. ಗಂಡಿನ ತಂದೆ ಅಧ್ಯಕ್ಷರ ಎದುರಿಗೆ, ಹಿರಿಯರ ಎದುರಿಗೆ ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳುವ ಸೂತ್ರ ಭೌತಶಾಸ್ತ್ರದಲ್ಲಿ ಎಲ್ಲೂ ಇಲ್ಲವೆಂದು ಹುರ್ಸನಾಯ್ ಟೀಚರಮ್ಮನಿಗೆ ಗೊತ್ತಿತ್ತು.

ಅವರು ಬಹಳ ಹೊತ್ತು ಗಂಡನನ್ನು ನೋಡಿದರು. ಹೋಲ್ಮಿರ್ಜಾನನ್ನು ನೋಡಿದರು. ಇಬ್ಬರೂ ತಮ್ಮ ತಮ್ಮ ಫೋನನ್ನು ಎದೆಗೆ ಒತ್ತಿಕೊಂಡು, ಒಬ್ಬ ಬಿಳಿ ಮುಖದಲ್ಲಿ, ಒಬ್ಬ ಬೊಚ್ಚುಬಾಯಲ್ಲಿ, ಏಟು ಬೀಳುವುದನ್ನು ಕಾಯುವ ಮಕ್ಕಳ ಹಾಗೆ ಕೂತಿದ್ದರು.

“ರೊಟ್ಟಿ ತನ್ನಿ” ಎಂದರು ಟೀಚರಮ್ಮ.

ರಿಸಾಲತ್ ಓಡಿದಳು. ಮದುವೆ ಗೊತ್ತಾದರೆ ಎರಡೂ ಕಡೆಯವರು ಸೇರಿ ರೊಟ್ಟಿ ಮುರಿಯಬೇಕು, ಮುರಿದ ಮೇಲೆ ಆಡಿದ ಮಾತು ಮುರಿಯುವಂತಿಲ್ಲ. ಬೆಳಗಿನ ಒಬ್ಬೆಯಲ್ಲೇ ದುಂಡಗಿನ, ಹೊಂಬಣ್ಣದ ಎರಡು ನಾನ್‌ಗಳನ್ನು ಅವಳು ಯಾರಿಗೂ ಹೇಳದೆ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದಳು.

“ಮುಖ ತೊಳ್ಕೊಂಡು ಬರ್ತೀನಿ” ಎಂದ ಹೋಲ್ಮಿರ್ಜಾ.

“ತೊಳ್ಕೊಂಡ್ರೆ ನಿಮ್ಮ ಫೋನು ತೆಗೆಯೋರು ಯಾರು?” ಎಂದರು ಟೀಚರಮ್ಮ. “ನಂದು ಮನೇಲಿದೆ. ಇಷ್ಟು ದುಡ್ಡು ಸುರಿದಿದೀರ, ಒಂದು ಫೋಟೋನಾದ್ರೂ ತೆಗೆಯುತ್ತಾ ನೋಡೋಣ.”

ಫೋಟೋ ತೆಗೆದದ್ದು ಮೋಹಿದಿಲ್. ಬೀಗರಿಬ್ಬರೂ ರೊಟ್ಟಿಯ ಎರಡು ಅಂಚು ಹಿಡಿದು ಮುರಿದರು. ಆ ಜೋರಿಗೆ ಹೋಲ್ಮಿರ್ಜಾನ ಹುಬ್ಬಿನಿಂದ ಒಂದು ಹಿಡಿ ಹಿಟ್ಟು ಹಾರಿ ಅಶೂರಲಿಯ ಬೊಚ್ಚುಬಾಯೊಳಕ್ಕೆ ಹೋಯಿತು. ಅವರು ಸೀನಿದರು. ಕೋಬುಲ್ ಸಾಹೇಬರ ಟೋಪಿ ಬಿತ್ತು. ಓಗಿಲಾಯ್ ಬಾಗಿಲಿನಿಂದಲೇ “ಹತ್ತಿಕಡ್ಡಿಯೋ ಇನ್ನೊಂದೋ, ನನ್ನ ಟಗರು ಸಿಕ್ತಲ್ಲ” ಎಂದು ಗೋಡೆಯವರಿಗೆ ವಾದಿಸುತ್ತಿದ್ದಳು. ಸರಿಯಾಗಿ ಆ ಗಳಿಗೆಯಲ್ಲಿ ಮೋಹಿದಿಲ್ ಒತ್ತಿದ್ದಳು.

ಎಲ್ಲರೂ ಫೋನಿನ ಸುತ್ತ ತಲೆ ಸೇರಿಸಿದರು. ಒಂದು ವಿಷಯ ಒಪ್ಪಲೇಬೇಕಿತ್ತು. ಫೋಟೋ ಬಹಳ ಸ್ಪಷ್ಟವಾಗಿ ಬಂದಿತ್ತು. ಗಾಳಿಯಲ್ಲಿ ಹಾರುತ್ತಿದ್ದ ಹಿಟ್ಟಿನ ಒಂದೊಂದು ಕಣವೂ ಬೇರೆ ಬೇರೆ ಕಾಣುತ್ತಿತ್ತು. ಅಶೂರಲಿಯ ಒಸಡು ಮೇಲಿನದು ಕೆಳಗಿನದು ಎರಡೂ ಪೂರ್ತಿ ಕಾಣುತ್ತಿದ್ದವು.

“ಅಳಿಸು ಅದನ್ನ” ಎಂದರು ಹುರ್ಸನಾಯ್ ಟೀಚರಮ್ಮ. “ಈಗಲೇ ಅಳಿಸು. ಇದನ್ನ ಯಾರಾದ್ರೂ ನೋಡಿದ್ರೆ ನಮ್ಮ ಎರಡೂ ಮನೆ ಕಥೆ ಮುಗೀತು.”

ಮೋಹಿದಿಲ್ ಅಳಿಸಲು ಬೆರಳು ಮುಂದೆ ತಂದಳು. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

“ತಡಿ. ಆ ಮೂಲೇಲಿರೋದು ಯಾರು?”

ಮೋಹಿದಿಲ್ ಎರಡು ಬೆರಳಿನಲ್ಲಿ ಮೂಲೆಯನ್ನು ದೊಡ್ಡದು ಮಾಡಿದಳು. ಅಲ್ಲೊಬ್ಬ ಹೆಂಗಸು ಗೋಡೆಗೆ ಒರಗಿ, ತಲೆಯ ಸ್ಕಾರ್ಫು ಜಾರಿ, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಕಣ್ಣು ಮುಚ್ಚಿ ನಗುತ್ತಿದ್ದಳು.

ಟೀಚರಮ್ಮ ಬಹಳ ಹೊತ್ತು ನೋಡಿದರು. ಶಾಲೆಯ ಗೋಡೆಯ ಮೇಲೆ ಅವರ ಫೋಟೋಗಳು ವರ್ಷಕ್ಕೊಂದರಂತೆ ತೂಗುತ್ತಿದ್ದವು, ಒಂದರಲ್ಲೂ ತುಟಿ ಅಲುಗಿರಲಿಲ್ಲ.

“ಇದು ನಾನಾ?”

“ಹೌದು, ಅತ್ತೆ” ಎಂದಳು ಮೋಹಿದಿಲ್.

ಅತ್ತೆ ಎಂದದ್ದನ್ನು ಟೀಚರಮ್ಮ ಕೇಳಿಸಿಕೊಂಡರು, ತಿದ್ದಲಿಲ್ಲ. ಕನ್ನಡಕ ತೆಗೆದು ಸ್ಕಾರ್ಫಿನ ತುದಿಯಲ್ಲಿ ಒರೆಸಿದರು.

“ಆಮೇಲೆ ಅಳಿಸು” ಎಂದರು. “ಮೊದ್ಲು ನನಗೊಂದು ಕಳಿಸು.”